ಬೇರ್ಪಟ್ಟ ಪೆಟ್ರೋಲ್‌ಗೆ ಸ್ಟೆಬಿಲೈಸರ್ ಮದ್ದಲ್ಲ

ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ ಬಗ್ಗೆ ನೀವು ಹಾಕಿದ ಲೇಖನದಲ್ಲಿ, ಟ್ಯಾಂಕಿಗೆ ನೀರು ಸೇರಿದ್ದರೂ ಒಂದು ಮುಚ್ಚಳ ಸ್ಟೆಬಿಲೈಸರ್ ಹಾಕಿದರೆ ಸಾಕು ಎಂದಿದೆ. ಇದನ್ನು ಒಪ್ಪಲು ಆಗುವುದಿಲ್ಲ. ಸ್ಟೆಬಿಲೈಸರ್ ಮಾಡುವುದು ಪೆಟ್ರೋಲ್ ಹಳಸಿ ಅಂಟಾಗುವುದನ್ನು ನಿಧಾನ ಮಾಡುವ ಕೆಲಸ. ಪೆಟ್ರೋಲ್‌ಗೆ ಬೆರೆಸಿರುವ ಎಥನಾಲ್ ನೀರು ಹೀರಿಕೊಂಡು, ಅದರಿಂದ ಬೇರೆಯಾಗಿ ತಳಕ್ಕಿಳಿದ ಮೇಲೆ ಯಾವ ಬಾಟಲಿಯೂ ಅದನ್ನು ಮತ್ತೆ ಸರಿ ಮಾಡದು. ಎಂಜಿನ್ ಪೆಟ್ರೋಲ್ ಎಳೆಯುವುದೂ ತಳದಿಂದಲೇ ಅಲ್ವಾ? ಪೆಟ್ರೋಲ್‌ಗೇ ಆಯಿಲ್ ಬೆರೆಸುವ ಟೂ ಸ್ಟ್ರೋಕ್ ಎಂಜಿನ್ ಆದರೆ ಇನ್ನೂ ಕಷ್ಟ. ಆ ಪದರದಲ್ಲಿ ಆಯಿಲ್ ಬೆರೆಯುವುದಿಲ್ಲ, ಪಿಸ್ಟನ್ನಿಗೆ ಜಿಡ್ಡೇ ಸಿಗದೆ ಉಜ್ಜಿ ಹಾಳಾಗುತ್ತದೆ.

ನಮ್ಮ ಕರಾವಳಿಯ ಬಂಕುಗಳಲ್ಲೂ ಈಗ ಸಿಗುವುದು ಜಾಸ್ತಿ ಇ20, ಅಂದರೆ ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್. ಹೆಚ್ಚಿನ ಔಟ್‌ಬೋರ್ಡ್ ಎಂಜಿನ್‌ಗಳ ಕೈಪಿಡಿ ಎಥನಾಲ್‌ಗೆ ಶೇ 10ರ ಮಿತಿ ಹಾಕುತ್ತದೆ. ಅಮೆರಿಕದಲ್ಲಿ ಶೇ 15ರ ಪೆಟ್ರೋಲನ್ನೂ ದೋಣಿಗೆ ಹಾಕುವಂತಿಲ್ಲ. ಈ ಮಾತು ಲೇಖನದಲ್ಲಿ ಎಲ್ಲೂ ಇಲ್ಲ.

ಮಳೆಗಾಲಕ್ಕೆ ಎಂಜಿನ್ ಎತ್ತಿಡುವವರು ಹೊರಗಿನ ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಪೆಟ್ರೋಲ್ ಪೈಪು ಕಳಚಿ, ಎಂಜಿನ್ ತಂಪಾಗಿಡಲು ನೀರು ಕೊಡುತ್ತಾ, ಕಾರ್ಬ್ಯುರೇಟರ್ ಬರಿದಾಗುವ ತನಕ ಓಡಿಸಿ. ನೀರು ಬೇರ್ಪಡಿಸುವ 10 ಮೈಕ್ರಾನ್ ಫಿಲ್ಟರ್ ಹಾಕಿಸಿ. ಸ್ಟೆಬಿಲೈಸರ್ ಬೇಕಿದ್ದರೆ ತಾಜಾ ಪೆಟ್ರೋಲ್‌ಗೇ ಹಾಕಬೇಕು. ದಯವಿಟ್ಟು ಆ ಸಾಲನ್ನು ತಿದ್ದಿ, ಸಾಲ ಮಾಡಿ ಎಂಜಿನ್ ಕೊಂಡವರೂ ಇದನ್ನು ಓದುತ್ತಾರೆ.