ಚಾರಿಝಾರ್ಡ್ ಕಾರ್ಡ್ ಸುದ್ದಿ ಬಗ್ಗೆ ಸ್ಪಷ್ಟನೆ

ಕಾರವಾರ, ಅಂಕೋಲಾ, ಶಿರಸಿಯ ವಾಟ್ಸಾಪ್ ಗುಂಪುಗಳಲ್ಲಿ ಎರಡು ದಿನದಿಂದ ಒಂದು ಫೋಟೊ ಓಡಾಡ್ತಾ ಇದೆ. ಪೋಕೆಮಾನ್ ಕಾರ್ಡ್ ಆಟದ 1999ರ ಚಾರಿಝಾರ್ಡ್ ಕಾರ್ಡ್ ಇದ್ದ ಹಾಗೇ ಮತ್ತೆ ಅಚ್ಚಾಗುತ್ತದಂತೆ, ಸ್ಟ್ರೀಟ್ ಫೈಟರ್ 6 ಅನ್ನೋ ಹೊಡೆದಾಟದ ವಿಡಿಯೊ ಗೇಮ್‌ಗೆ ಮಕೋಟೊ, ಸಕುರಾ ಅನ್ನೋ ಪಾತ್ರಗಳು ಬರುತ್ತಾರಂತೆ. ದಯವಿಟ್ಟು ನಂಬಬೇಡಿ.

ಅದು ಯಾವ ಕಂಪನಿಯ ಪ್ರಕಟಣೆಯೂ ಅಲ್ಲ. ಕಳೆದ ಭಾನುವಾರ ಟ್ಯಾಗೋರ್ ಬೀಚಿನಲ್ಲಿ ಕೂತು ನಾವು ನಾಲ್ಕು ಜನ ನೋಟ್‌ಬುಕ್ ಹಾಳೆಯಲ್ಲಿ ಬರೆದ ಆಸೆಗಳು. ಮೇಲುಗಡೆ ನೀಲಿ ಪೆನ್ನಿನಲ್ಲಿ 'ಇವೆಲ್ಲ ಬಂದರೆ ಎಷ್ಟು ಚೆಂದ' ಅಂತ ಬರೆದಿದ್ದೆವು, ಯಾರೋ ಆ ಸಾಲನ್ನೇ ಕತ್ತರಿಸಿ ಹಂಚಿದ್ದಾರೆ.

ಕಾರ್ಡಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಶಿರಸಿಯ ಒಬ್ಬ ಹುಡುಗ ಇದನ್ನು ನಂಬಿ, ಇನ್ನು ಬೆಲೆ ಬಿದ್ದೇ ಹೋಗುತ್ತೆ ಅಂತ ಹೆದರಿ, ಅಣ್ಣ ಕೊಟ್ಟ ಹಳೇ ಚಾರಿಝಾರ್ಡನ್ನು ಸಿಕ್ಕ ಬೆಲೆಗೆ ಮಾರಲು ಹೊರಟಿದ್ದ. ಆ ಕಾರ್ಡ್ 2021ರಲ್ಲೇ, ಪೋಕೆಮಾನ್‌ಗೆ 25 ವರ್ಷ ತುಂಬಿದಾಗ, ಸೆಲೆಬ್ರೇಷನ್ಸ್ ಅನ್ನೋ ಕಾರ್ಡ್ ಸೆಟ್‌ನಲ್ಲಿ ಮತ್ತೆ ಬಂದಿತ್ತು. ಚಿತ್ರ ಅದೇ, 4/102 ಅನ್ನೋ ನಂಬರೂ ಅದೇ. ಆದರೆ 2021ರ ಕಾರ್ಡಿನ ಮೇಲೆ ಪಿಕಾಚು ಅನ್ನೋ ಪೋಕೆಮಾನ್‌ನ ತಲೆಯ ಆಕಾರದಲ್ಲಿ ಪುಟ್ಟದೊಂದು 25ರ ಗುರುತು ಇದೆ. ಅದನ್ನು ನೋಡಿದರೆ ಸಾಕು, ಹಳೆಯದು ಯಾವುದು ಹೊಸದು ಯಾವುದು ಗೊತ್ತಾಗುತ್ತೆ.

ಹೊಸ ಪಾತ್ರ ಬೇಕು ಅಂತ ಆಸೆಪಡೋದು ತಪ್ಪಲ್ಲ. ಎಸ್‌ಎನ್‌ಕೆ ಅನ್ನೋ ಬೇರೆ ಗೇಮ್ ಕಂಪನಿಯ ಪಾತ್ರಗಳಾದ ಟೆರಿ 2024ರಲ್ಲಿ, ಮಾಯ್ 2025ರಲ್ಲಿ ಸ್ಟ್ರೀಟ್ ಫೈಟರ್ 6ಕ್ಕೆ ಬಂದೇ ಬಂದರು, ಎಷ್ಟು ಖುಷಿಯಾಗಿತ್ತು ಅಲ್ವಾ! ಆದರೆ ಆ ಸುದ್ದಿ ಕೊಟ್ಟಿದ್ದು ಆ ಆಟ ಮಾಡುವ ಕಂಪನಿ ಕ್ಯಾಪ್‌ಕಾಮ್.

ಫೋಟೊ ಕಳಿಸಿದವರು ಇದನ್ನೂ ಅದೇ ಗುಂಪಿಗೆ ಹಾಕಿ. ಆ ಹುಡುಗನ ಕಾರ್ಡ್ ಸದ್ಯ ಅವನ ಹತ್ತಿರಾನೇ ಇದೆ.