ಹದಿಮೂರು ಅಂಕದ ಕರುಣೆ

ಎಸ್ಸೆಸ್ಸೆಲ್ಸಿ ಪಾಸಾಗಲು ಈಗ 625ಕ್ಕೆ 206 ಸಾಕು. ಮೊದಲು 219 ಬೇಕಿತ್ತು. ಹದಿಮೂರು ಅಂಕ ಬಿಟ್ಟುಕೊಟ್ಟ ಸರ್ಕಾರಕ್ಕೆ ಮಕ್ಕಳು ಕೈ ಮುಗಿಯಬೇಕು. ಒಂದೊಂದು ವಿಷಯದಲ್ಲೂ ಶೇ 30 ಬರಲೇಬೇಕಂತೆ. ಅದೊಂದು ಕಿರಿಕಿರಿಯನ್ನು ಯಾಕೆ ಉಳಿಸಿಕೊಂಡರೋ!

ಇದಕ್ಕೆಲ್ಲ ಮೂಲ ಆ ಹಾಳು ಕ್ಯಾಮೆರಾ. 2023ರಲ್ಲಿ ಶೇ 83.89 ಮಕ್ಕಳು ಪಾಸಾಗಿದ್ದರು. ಅಪ್ಪ ಅಮ್ಮ ಖುಷಿ, ಮೇಷ್ಟ್ರು ಖುಷಿ, ಇಲಾಖೆಯೂ ಖುಷಿ. ಸುಮ್ನೆ ಇರಲಾರದೆ 2024ರಲ್ಲಿ ಪರೀಕ್ಷಾ ಕೋಣೆಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ತಂದರು. ಯಾವ ಹುಡುಗ ಯಾವ ಕಡೆ ಕತ್ತು ತಿರುಗಿಸಿದ ಅಂತ ಎಲ್ಲೋ ಕೂತವರು ಪರದೆ ಮೇಲೆ ನೋಡಬಹುದು. ಶಿಸ್ತು ಅಂದರೆ ಶಿಸ್ತು. ಕತ್ತು ನೆಟ್ಟಗಾಯಿತು, ಫಲಿತಾಂಶ ಮಕಾಡೆ ಬಿತ್ತು. ಗ್ರೇಸ್ ಅಂಕವನ್ನು ಶೇ 10ರಿಂದ 20ಕ್ಕೆ ಏರಿಸಿ ಎಬ್ಬಿಸಿ ಕೂರಿಸಿದರೂ ಬಂದಿದ್ದು 73.40. ಮರುವರ್ಷ ಗ್ರೇಸೂ ಇಲ್ಲ, 66.14. ಕಲಬುರಗಿಯಲ್ಲಂತೂ 42.43.

2021 ಎಷ್ಟು ಚೆನ್ನಾಗಿತ್ತು ಅಲ್ವಾ? ಕೊರೊನಾ ವರ್ಷ. ಎಂಟು ಲಕ್ಷಕ್ಕೂ ಜಾಸ್ತಿ ಮಕ್ಕಳಲ್ಲಿ ಪಾಸಾಗದೆ ಉಳಿದದ್ದು ಒಬ್ಬರೇ ಒಬ್ಬರು. ಅದೂ ತಮ್ಮ ಬದಲು ಬೇರೆಯವರನ್ನು ಕೂರಿಸಿದ್ದಕ್ಕೆ. ತಾವೇ ಹೋಗಿ ಏನು ಗೀಚಿದ್ದರೂ ಪಾಸು! ಯಾರ ಸಲಹೆ ಕೇಳಿದರೋ ಪಾಪ.

ನನ್ನ ಅಕ್ಕನ ಮಗ 2025ರ ಬ್ಯಾಚು. ಅವನ ಶಾಲೆಯಲ್ಲಿ ಮೇಷ್ಟ್ರುಗಳಿಗೆ ಮಕ್ಕಳನ್ನು ದತ್ತು ಹಂಚಿದ್ದರು. ಒಬ್ಬೊಬ್ಬರಿಗೆ ಹತ್ತು ಹನ್ನೆರಡು. ಬೆಳಗಿನ ಜಾವ ಐದಕ್ಕೆ ಫೋನ್ ಮಾಡಿ ಎಬ್ಬಿಸಬೇಕು. "ಎದ್ಯೇನೋ?" "ಎದ್ದೆ ಸಾರ್." ಇದನ್ನು ಕಂಬಳಿಯೊಳಗಿಂದಲೇ ಹೇಳುವುದನ್ನು ಹುಡುಗ ಎರಡೇ ದಿನದಲ್ಲಿ ಕಲಿತ. ಆ ವರ್ಷ ಅವನು ಸರಿಯಾಗಿ ಕಲಿತದ್ದು ಅದೊಂದೇ. ಒಮ್ಮೆ "ಪಾಸಿಂಗ್ ಪ್ಯಾಕೇಜ್ ತೆಗಿ, ಮೂರನೇ ಪುಟ" (ಪಾಸಾಗಲು ಬೇಕಾದಷ್ಟನ್ನೇ ಆರಿಸಿ ಕೊಡುವ ಪ್ರಶ್ನೋತ್ತರ) ಅಂದ ಸಾರ್ ಆಮೇಲೆ ಮಾತೇ ಆಡಲಿಲ್ಲವಂತೆ. ಕಿವಿಗೊಟ್ಟು ಕೇಳಿದರೆ ಗೊರಕೆ. ಪಾಪ, ಅವರಿಗೆ ಅದು ಒಂಬತ್ತನೇ ಫೋನು. ಹುಡುಗನೇ "ಸಾರ್, ಸಾರ್" ಅಂತ ಕೂಗಿ ಅವರನ್ನು ಎಬ್ಬಿಸಿದನಂತೆ.

ಅಂದ ಹಾಗೆ ಅವರು ಕನ್ನಡ ಮೇಷ್ಟ್ರು. ಗಣಿತಕ್ಕೆ ಆ ಶಾಲೆಯಲ್ಲಿ ಯಾರೂ ಇರಲಿಲ್ಲ. ಜೂನ್ ಹೋಗಿ ಆಗಸ್ಟ್ ಬಂದ ಮೇಲೆ ಒಬ್ಬ ಅತಿಥಿ ಶಿಕ್ಷಕರು ಬಂದರು, ಸಂಬಳ ಬರಲಿಲ್ಲ ಅಂತ ಜನವರಿಯಲ್ಲಿ ಬಿಟ್ಟು ಹೋದರು. ಫಲಿತಾಂಶ ಬಿದ್ದಾಗ ಕಾರಣ ಕೇಳಿ ನೋಟಿಸ್ ಬಂದದ್ದು ಹೆಡ್ ಮೇಷ್ಟ್ರಿಗೆ. ಏನಂತ ಬರೆಯಬೇಕು ಅವರು? ಖಾಲಿ ಕುರ್ಚಿಯ ಫೋಟೊ ಲಗತ್ತಿಸಬೇಕಿತ್ತೇನೋ.

ಇನ್ನು 2025ರ ದಸರಾ ನೆನಪಿದೆಯಲ್ಲ. ಮೇಷ್ಟ್ರುಗಳೆಲ್ಲ ಅರವತ್ತು ಪ್ರಶ್ನೆ ಹಿಡಿದು ಮನೆ ಮನೆ ಜಾತಿ ಸಮೀಕ್ಷೆಗೆ ಹೋಗಿದ್ದರು. ಅದು ಮುಗಿಯಲಿಲ್ಲ ಅಂತ ರಜೆ ಅಕ್ಟೋಬರ್ 18ರವರೆಗೆ ಎಳೆಯಿತು. ಪಾಸಿನ ಗೆರೆ ಇಳಿದದ್ದೂ ಅದೇ ತಿಂಗಳು. ಪಾಠ ಇಲ್ಲದಿದ್ದರೇನಂತೆ, ಅಂಕವೂ ಬೇಡ ಬಿಡಿ. ಲೆಕ್ಕ ಚುಕ್ತಾ.

ತಮಾಷೆ ಮಾಡಿ ಸಾಕಾಯಿತು. ಪರೀಕ್ಷೆಯ ಮೂರು ಗಂಟೆ ಮಕ್ಕಳ ಮೇಲೆ ಕಣ್ಣಿಡಲು ಕ್ಯಾಮೆರಾಗೆ ದುಡ್ಡು ಸಿಕ್ಕಿತು. ಉಳಿದ ಹತ್ತು ತಿಂಗಳು ಅದೇ ಕೋಣೆಯಲ್ಲಿ ಪಾಠ ಮಾಡುವವರು ಇದ್ದಾರಾ ಅಂತ ಯಾರೂ ಇಣುಕಲಿಲ್ಲ. ಕಾಪಿ ಹೊಡೆಯಬಾರದು, ಒಪ್ಪಿದೆ. ಆದರೆ ಕಲಿಸದೆ ಇದ್ದವರನ್ನು ಯಾವ ಸ್ಕ್ವಾಡ್ ಹಿಡಿಯುತ್ತದೆ?

ಅಕ್ಕನ ಮಗನಿಗೆ ಒಟ್ಟು 211 ಬಂತು. ಗಣಿತದಲ್ಲಿ 31. ಫೇಲು. ಮೊನ್ನೆ ಹಳೇ ಮಾರ್ಕ್ಸ್ ಕಾರ್ಡು, ಹೊಸ ನಿಯಮ ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಕೂತಿದ್ದ. "ಮಾಮ, ನಾನು ಒಂದು ವರ್ಷ ತಡವಾಗಿ ಹುಟ್ಟಿದ್ರೆ ಪಾಸಾಗ್ತಿದ್ದೆ ಅಲ್ವಾ?" ಅಂದ.

ಇವನಿಗೆ ಲೆಕ್ಕ ಬರಲ್ಲ ಅಂತ ಫೇಲ್ ಮಾಡಿದ್ದಾರೆ.