ತಿಳಿ ಹೊಗೆ

ಬೆಂಕಿ ಹೊತ್ತಿಸುವುದು ದೊಡ್ಡ ವಿದ್ಯೆಯಲ್ಲ. ಹೊತ್ತಿದ ಬೆಂಕಿಯನ್ನು ಹತ್ತು ಹನ್ನೆರಡು ಗಂಟೆಗಳ ಕಾಲ ದೊಡ್ಡದಾಗಲೂ ಬಿಡದೆ, ಆರಲೂ ಬಿಡದೆ ಒಂದೇ ಅಳತೆಯಲ್ಲಿ ಉಳಿಸಿಕೊಳ್ಳುವುದು ವಿದ್ಯೆ. ಟೆಕ್ಸಸ್‌ನ ಹಿತ್ತಿಲುಗಳಲ್ಲಿ ಶನಿವಾರದ ನಸುಕಿಗೇ ಹೊಗೆಯಲ್ಲಿ ಮಾಂಸ ಬೇಯಿಸುವ ಆಫ್‌ಸೆಟ್ ಸ್ಮೋಕರ್ ಎಂಬ ಉಕ್ಕಿನ ಒಲೆಯ ಮುಂದೆ ಈ ವಿದ್ಯೆಯ ಸಾಧನೆ ಆರಂಭವಾಗುತ್ತದೆ. ಅಡ್ಡ ಮಲಗಿಸಿದ ಒಂದು ದಪ್ಪ ಪೀಪಾಯಿ, ಅದರ ಒಂದು ಮಗ್ಗುಲಿಗೆ ತುಸು ತಗ್ಗಿನಲ್ಲಿ ಬೆಸೆದ ಫೈರ್‌ಬಾಕ್ಸ್, ಇನ್ನೊಂದು ತುದಿಗೆ ಚಿಮಣಿ. ಅದರ ಒಡಲೆಲ್ಲ ಇಷ್ಟೇ. ಸೌದೆ ಉರಿಯುವುದು ಫೈರ್‌ಬಾಕ್ಸ್‌ನಲ್ಲಿ, ಮಾಂಸ ಬೇಯುವುದು ಪೀಪಾಯಿಯಲ್ಲಿ. ಚಿಮಣಿಯಿಂದ ಮೇಲೇರುವ ಬಿಸಿಗಾಳಿ ತನ್ನ ಹಿಂದೆ ಹೊಸ ಗಾಳಿಯನ್ನು ಫೈರ್‌ಬಾಕ್ಸ್‌ನ ಬಾಗಿಲಿನಿಂದ ಎಳೆದುಕೊಳ್ಳುತ್ತದೆ. ಇಡೀ ಒಲೆ ನಡೆಯುವುದು ಆ ಎಳೆತದ ಮೇಲೆ. ಎಣ್ಣೆಬಾವಿಗಳ ಆ ನಾಡಿನಲ್ಲಿ ಹಳೆಯ ಕೊಳವೆಗಳಿಗೂ ಬೆಸುಗೆ ಬಲ್ಲ ಕೈಗಳಿಗೂ ಎಂದೂ ಬರವಿರಲಿಲ್ಲ. ಹೋಟೆಲುಗಳ ದೊಡ್ಡ ಸ್ಮೋಕರುಗಳಲ್ಲಿ ಎಷ್ಟೋ ಇಂದಿಗೂ 500 ಅಥವಾ 1000 ಗ್ಯಾಲನ್ನಿನ ಹಳೆಯ ಪ್ರೊಪೇನ್ ತೊಟ್ಟಿಗಳಿಂದಲೇ ತಯಾರಾಗುತ್ತವೆ. ಗ್ಯಾಸ್ ತುಂಬಿಕೊಂಡು ಬಾಳಿದ ತೊಟ್ಟಿ ಮುದಿತನದಲ್ಲಿ ಸೌದೆ ಒಲೆಯಾಗುವುದನ್ನು ಬಡ್ತಿ ಎಂದೇ ನಾನು ಎಣಿಸುತ್ತೇನೆ.

ಇಲ್ಲಿ ಬೇಕಾಗುವ ಶಾಖ ಹೆಚ್ಚೇನಲ್ಲ. ಪೀಪಾಯಿಯೊಳಗೆ 225ರಿಂದ 275 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 107ರಿಂದ 135 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಟೆಕ್ಸಸ್‌ನವರ ಪ್ರತಿಷ್ಠೆಯ ಪ್ರಶ್ನೆಯಾದ ಬ್ರಿಸ್ಕೆಟ್ ಎಂದರೆ ದನದ ಎದೆಭಾಗದ ಮಾಂಸ. ಬದುಕಿರುವಷ್ಟು ಕಾಲ ಪ್ರಾಣಿಯ ಭಾರವನ್ನು ಹೊತ್ತ ಸ್ನಾಯುವಾದ್ದರಿಂದ ಅದರ ತುಂಬ ಕೊಲಾಜೆನ್ ಎಂಬ ಪ್ರೋಟೀನಿನ ಬಿಗಿಯಾದ ಎಳೆಗಳು. ಅವು ಕರಗಿ ಮೆತ್ತನೆಯ ಜೆಲಟಿನ್ ಆಗಬೇಕಾದರೆ ಮಾಂಸದ ನಡುಭಾಗ ನಿಧಾನವಾಗಿ 90 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಅವಸರದ ಉರಿಯಲ್ಲಿ ಹೊರಗು ಕರಕಲಾಗುತ್ತದೆ, ಒಳಗು ಚಕ್ಕಳವಾಗಿಯೇ ಉಳಿಯುತ್ತದೆ.

ಶಾಖ ಕಡಿಮೆ ಸಾಕು ಎಂದೊಡನೆ ಎಲ್ಲರಿಗೂ ತೋಚುವ ಉಪಾಯವೆಂದರೆ ದೊಡ್ಡ ಕೊರಡನ್ನು ತುರುಕಿ, ಗಾಳಿಯ ಕಿಂಡಿಯನ್ನು ಮುಚ್ಚಿ, ಬೆಂಕಿಯನ್ನು ಅರೆಜೀವ ಮಾಡಿಬಿಡುವುದು. ಮಲೆನಾಡಿನ ಬಚ್ಚಲಿನ ಹಂಡೆಯೊಲೆಯನ್ನು ನೋಡಿ ಬೆಳೆದವರಿಗಂತೂ ಇದು ರಕ್ತದಲ್ಲಿಯೇ ಇರುವ ಜಾಣತನ. ಅಲ್ಲಿ ಒಂದು ಕುಂಟೆಯನ್ನು ನೂಕಿ ಹೋದರೆ ಅದು ಹೊಗೆಯಾಡುತ್ತ ಮನೆಮಂದಿಯ ಸ್ನಾನ ಮುಗಿಯುವವರೆಗೂ ನೀರನ್ನು ಕಾಯಿಸುತ್ತಿತ್ತು. ಆದರೆ ಹಂಡೆಯ ನೀರನ್ನು ಯಾರೂ ತಿನ್ನುವುದಿಲ್ಲ. ಸ್ಮೋಕರಿನಲ್ಲಿ ಹೊಗೆಯೇ ಮಸಾಲೆ, ಅದು ಕೆಟ್ಟರೆ ಅಡುಗೆಯೇ ಕೆಟ್ಟಂತೆ.

ಹೊಗೆ ಕೆಡುವುದು ಗಾಳಿಯಿಲ್ಲದೆ. ಬಿಸಿ ತಾಗಿದ ಸೌದೆಯಿಂದ ಮೊದಲು ನೀರು ಆವಿಯಾಗುತ್ತದೆ, ಬಳಿಕ ಮರವೇ ಒಡೆದು ಅನಿಲಗಳನ್ನು ಉಗುಳುತ್ತದೆ, ನಾವು ಜ್ವಾಲೆಯೆನ್ನುವುದು ಆ ಅನಿಲಗಳು ಉರಿಯುವುದನ್ನು. ಕೊನೆಗೆ ಉಳಿಯುವುದು ಕೆಂಡ. ಸಾಕಷ್ಟು ಗಾಳಿ ಸಿಕ್ಕದಿದ್ದರೆ ಅನಿಲಗಳು ಪೂರ್ತಿ ಉರಿಯದೆ, ಟಾರಿನ ಸಣ್ಣ ಹನಿಗಳಾಗಿ ದಟ್ಟ ಬಿಳಿಯ ಹೊಗೆಯಲ್ಲಿ ತೇಲಿಬಂದು ಮಾಂಸದ ಮೈಗೆ ಅಂಟುತ್ತವೆ. ಕ್ರಿಯೋಸೋಟ್ ಎಂಬ ಆ ಲೇಪ ನಾಲಗೆಯನ್ನು ಕಹಿ ಮಾಡುವುದಷ್ಟೇ ಅಲ್ಲ, ಕೊಂಚ ಜೋಮು ಹಿಡಿಸುತ್ತದೆ ಕೂಡ. ಬೆಂಕಿ ಚೆನ್ನಾಗಿ ಉಸಿರಾಡುತ್ತಿದ್ದರೆ ಚಿಮಣಿಯ ಬಾಯಲ್ಲಿ ಕಾಣುವುದು ತೆಳುನೀಲಿಯ ಒಂದು ಎಳೆ ಮಾತ್ರ, ಕೆಲವೊಮ್ಮೆ ಅದೂ ಇಲ್ಲದೆ ಬರಿಯ ಬಿಸಿಗಾಳಿಯ ನಡುಕ. ಕಣಗಳು ಅತಿ ಸಣ್ಣವಾದ್ದರಿಂದ ಅವು ಬೆಳಕಿನ ನೀಲಿಯನ್ನೇ ಹೆಚ್ಚಾಗಿ ಚೆದುರಿಸುತ್ತವೆ, ಆಕಾಶ ನೀಲಿಯಾಗಿರುವುದಕ್ಕೂ ಇದೇ ಬಗೆಯ ಕಾರಣ. ಹೊಗೆ ಕಾಣದಿದ್ದರೆ ರುಚಿ ಎಲ್ಲಿಂದ ಬಂತು ಎಂದು ಚಡಪಡಿಸಿ ಹಸಿ ಚಕ್ಕೆ ಎಸೆಯುವವರಿದ್ದಾರೆ. ಅವರ ಕೈ ಹಿಡಿದು ಕೂರಿಸಬೇಕು.

ಆದ್ದರಿಂದ ಈ ಒಲೆಯನ್ನು ಬಲ್ಲವರು ಚಿಮಣಿಯ ಡ್ಯಾಂಪರನ್ನು, ಅಂದರೆ ಗಾಳಿ ತಡೆಯುವ ಮುಚ್ಚಳವನ್ನು, ಪೂರ್ತಿ ತೆರೆದೇ ಇಡುತ್ತಾರೆ, ಬೆಂಕಿಗೆ ಬೇಕಾದಷ್ಟು ಗಾಳಿ ಕೊಡುತ್ತಾರೆ, ಶಾಖವನ್ನು ಹಿಡಿತದಲ್ಲಿಡುವುದು ಬೆಂಕಿಯ ಗಾತ್ರದಿಂದ. ಸಣ್ಣ ಬೆಂಕಿ, ಆದರೆ ಧಗಧಗಿಸುವ ಬೆಂಕಿ. ಇದಕ್ಕೆ ತೆರಬೇಕಾದ ಬೆಲೆಯೆಂದರೆ ಮುಕ್ಕಾಲು ಗಂಟೆಗೊಮ್ಮೆ, ಚಿಕ್ಕ ಸ್ಮೋಕರಾದರೆ ಅರ್ಧ ಗಂಟೆಗೊಮ್ಮೆ ಎದ್ದುಹೋಗಿ ಒಂದು ಸೀಳನ್ನು ಇಟ್ಟುಬರುವುದು.

ಆ ಸೀಳಿನ ಯೋಗ್ಯತೆಯ ಮೇಲೆ ಮಿಕ್ಕದ್ದೆಲ್ಲ ನಿಂತಿದೆ. ಮಧ್ಯ ಟೆಕ್ಸಸ್‌ನಲ್ಲಿ ಪೋಸ್ಟ್ ಓಕ್ ಹೇರಳವಾಗಿ ಬೆಳೆಯುತ್ತದೆ, ಸಮನಾಗಿ ಉರಿಯುತ್ತದೆ, ಮಾಂಸದ ರುಚಿಯನ್ನು ತುಳಿಯುವುದಿಲ್ಲ. ಪಶ್ಚಿಮದತ್ತ ಹೋದರೆ ಮೆಸ್ಕೀಟ್. ಅದು ನಮ್ಮ ಬಯಲುಸೀಮೆಯನ್ನು ಆವರಿಸಿರುವ ಬಳ್ಳಾರಿ ಜಾಲಿಯ ದಾಯಾದಿ, ಉರಿಯುವಾಗಲೂ ಅದೇ ರೋಷ, ಹೊಗೆಯೂ ಖಾರ. ಯಾವ ಮರವಾದರೂ ತೇವ ಶೇಕಡಾ 20ರ ಒಳಗಿರಬೇಕು. ಹೊಸದಾಗಿ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರೇ ಇರಬಹುದು, ಬೆಂಕಿಯ ದುಡಿಮೆಯೆಲ್ಲ ಅದನ್ನು ಕುದಿಸುವುದಕ್ಕೇ ಹೋಗುತ್ತದೆ. ಯಂತ್ರದಲ್ಲಿ ಕಟಕಟ ಒಣಗಿಸಿದ ಸೌದೆಯೂ ಒಳ್ಳೆಯದಲ್ಲ, ಅದು ಕಾಗದದಂತೆ ಭಗ್ಗನೆ ಉರಿದು ಮುಗಿಯುತ್ತದೆ. ಎರಡು ಸೀಳುಗಳನ್ನು ಒಂದಕ್ಕೊಂದು ಬಡಿದರೆ ಹಸಿಯದು ಡೊಪ್ಪೆನ್ನುತ್ತದೆ, ಒಣಗಿದ್ದು ಟಣ್ಣೆನ್ನುತ್ತದೆ. ಮನೆಯ ಸ್ಮೋಕರಿಗೆ ಮುಂಗೈ ದಪ್ಪ, ಮೊಳಕ್ಕೆ ತುಸು ಕಡಿಮೆ ಉದ್ದದ ಸೀಳು ಸಾಕು. ಅದನ್ನು ಮೊದಲೇ ಫೈರ್‌ಬಾಕ್ಸ್‌ನ ಬೆನ್ನ ಮೇಲೆ ಕಾಯಲು ಇಟ್ಟಿದ್ದರೆ ಕೆಂಡದ ಮೇಲೆ ಮಲಗಿಸಿದ ಕೂಡಲೇ ಸಿಬಿರುಗಳ ತುದಿಯಲ್ಲಿ ಹಳದಿ ನಾಲಗೆಗಳು ಮೂಡುತ್ತವೆ, ತೊಗಟೆ ಚಿಟಿಚಿಟಿ ಎನ್ನುತ್ತದೆ, ಚಿಮಣಿ ಒಂದು ಬಿಳಿಯ ತೇಗು ತೇಗಿ ನಿಮಿಷದೊಳಗೆ ತಿಳಿಯಾಗುತ್ತದೆ. ತಿಳಿಯಾಗದಿದ್ದರೆ ಬಾಗಿಲನ್ನು ಇನ್ನಷ್ಟು ತೆರೆಯಬೇಕು, ಇಲ್ಲವೇ ಕೆಂಡದ ಹಾಸಿಗೆ ಸೊರಗಿದೆ ಎಂದು ತಿಳಿಯಬೇಕು. ಬೂದಿ ಏರಿ ಗಾಳಿಯ ದಾರಿಯನ್ನು ಕಟ್ಟಿರುವುದೂ ಉಂಟು; ಒಂದು ಕಬ್ಬಿಣದ ಸಲಾಕೆಯಿಂದ ಕೆದಕಿದರೆ ಆಯಿತು.

ಥರ್ಮಾಮೀಟರಿನ ವಿಷಯದಲ್ಲಿ ನನ್ನ ಅಭಿಪ್ರಾಯ ತುಸು ಒರಟು. ಮುಚ್ಚಳದ ಮೇಲಿನ ಗಡಿಯಾರದಂಥ ಮಾಪಕ ತೋರಿಸುವುದು ಮುಚ್ಚಳದ ಶಾಖವನ್ನು, ಜಾಲರಿಯ ಶಾಖವನ್ನಲ್ಲ. ಜಾಲರಿಯಲ್ಲೂ ಫೈರ್‌ಬಾಕ್ಸ್ ಕಡೆಯ ತುದಿಗೂ ಚಿಮಣಿ ಕಡೆಯ ತುದಿಗೂ 50 ಡಿಗ್ರಿ ಫ್ಯಾರನ್‌ಹೀಟ್ ಅಂತರ ಬೀಳುವುದು ಸಾಮಾನ್ಯ. ಸೌದೆ ಇಟ್ಟಾಗ ಮುಳ್ಳು ಏರುತ್ತದೆ, ಕೆಂಡವಾದಾಗ ಇಳಿಯುತ್ತದೆ. ಈ ಏರಿಳಿತ ಮಾಂಸಕ್ಕೆ ಗೊತ್ತೂ ಆಗುವುದಿಲ್ಲ. ಹತ್ತು ಡಿಗ್ರಿ ಇಳಿಯಿತೆಂದು ಥರ್ಮಾಮೀಟರಿಗೆ ಜೋಡಿಸಿದ ಫೋನು ಕಿರುಚಿದಾಗಲೆಲ್ಲ ಓಡುವವನಿಗಿಂತ ಚಿಮಣಿಯನ್ನು ನೋಡುತ್ತ ಸುಮ್ಮನೆ ಕೂತವನ ಬೆಂಕಿ ನೆಟ್ಟಗಿರುತ್ತದೆ. ಕನ್ನಡಿಗರ ಬಳಗದಲ್ಲಿ ಮಾಂಸ ಮುಟ್ಟದಿದ್ದರೂ ಬೆಂಕಿ ಕಾಯಲು ಬಂದು ಕೂರುವ ಮಹನೀಯರಿದ್ದಾರೆ. ಹೊಗೆಯ ಬಣ್ಣದ ಬಗ್ಗೆ ಅವರ ತೀರ್ಪನ್ನೇ ನಂಬಬೇಕು, ಏಕೆಂದರೆ ಅವರಿಗೆ ಹಸಿವಿನ ಅವಸರವಿಲ್ಲ.

1999ರಲ್ಲಿ ಟೆಕ್ಸಸ್ ಶಾಸನಸಭೆಯಿಂದ ರಾಜ್ಯದ ಬಾರ್ಬೆಕ್ಯೂ ರಾಜಧಾನಿ ಎನಿಸಿಕೊಂಡ ಲಾಕ್‌ಹಾರ್ಟ್ ಊರಿನಲ್ಲಿ ಸ್ಮಿಟ್ಟೀಸ್ ಎಂಬ ಹಳೆಯ ಅಂಗಡಿಯಿದೆ. ಅಲ್ಲಿ ಉದ್ದನೆಯ ಇಟ್ಟಿಗೆಯ ಒಲೆಗಳ ಬಾಯಲ್ಲಿ, ಬರಿಯ ನೆಲದ ಮೇಲೆ ಓಕ್ ಕೊರಡುಗಳು ಉರಿಯುತ್ತವೆ. ಸಾಲಿನಲ್ಲಿ ನಿಂತ ಗಿರಾಕಿಯ ಮೊಣಕಾಲಿಗೆ ಅದರ ಝಳ ಬಡಿಯುತ್ತದೆ. ಬಾಗಿಲೂ ಇಲ್ಲ, ಡ್ಯಾಂಪರಿನ ಚಿಂತೆಯೂ ಇಲ್ಲ, ಎಳೆತವೊಂದು ಗಟ್ಟಿಯಾಗಿದೆ.

ಬೇಯುವ ಮಾಂಸದ ಒಳಗಿನ ಶಾಖ 65ರಿಂದ 75 ಡಿಗ್ರಿ ಸೆಲ್ಸಿಯಸ್ ನಡುವೆ ಎಲ್ಲೋ ಒಂದೆಡೆ ಗಂಟೆಗಟ್ಟಲೆ ಕದಲದೆ ನಿಂತುಬಿಡುತ್ತದೆ. ಬೆಂಕಿ ಕಾಯುವವನ ಸಂಯಮ ಬಯಲಾಗುವುದು ಅಲ್ಲಿ. ನಮ್ಮ ಮೈಯನ್ನು ಬೆವರು ತಂಪಾಗಿಡುವ ಹಾಗೆ ಮಾಂಸದ ಮೇಲ್ಮೈಯಿಂದ ಆರುವ ನೀರು ಬೆಂಕಿ ಕೊಟ್ಟ ಶಾಖವನ್ನೆಲ್ಲ ಒಯ್ಯುತ್ತಿರುತ್ತದೆ, ಬೆಂಕಿಯದೇನೂ ತಪ್ಪಿರುವುದಿಲ್ಲ. ಆಗ ಸೌದೆ ಒಟ್ಟಿ ಉರಿ ಹೆಚ್ಚಿಸುವ ಬದಲು ಮಾಂಸವನ್ನು ಬುಚರ್ ಪೇಪರ್ ಎಂಬ ದಪ್ಪ ಕಾಗದದಲ್ಲಿ ಬಿಗಿಯಾಗಿ ಸುತ್ತಿಟ್ಟರೆ ಆರುವುದು ಕಡಿಮೆಯಾಗಿ ಮುಳ್ಳು ಮತ್ತೆ ಏರತೊಡಗುತ್ತದೆ. ಸುತ್ತಿದ ಮೇಲೆ ಒಳಗೆ ಹೋಗುವ ಹೊಗೆ ಅಷ್ಟಕ್ಕಷ್ಟೇ. ಆದ್ದರಿಂದ ಉಳಿದ ಮೂರು ನಾಲ್ಕು ಗಂಟೆ ಅದನ್ನು ಮನೆಯೊಳಗಿನ ಓವನ್ನಿನಲ್ಲಿಟ್ಟು ಮಲಗಿಕೊಂಡರೂ ರುಚಿಗೆ ಹೇಳಿಕೊಳ್ಳುವಂಥ ಭಂಗವಿಲ್ಲ ಎಂಬುದು ನನ್ನ ವಾದ. ಕಡೆಯ ಕೆಂಡದವರೆಗೂ ಕೂತಿರಬೇಕೆನ್ನುವ ನಿಷ್ಠಾವಂತರು ಇದನ್ನು ಒಪ್ಪುವುದಿಲ್ಲ. ಅವರಿಗೆ ಇನ್ನೆರಡು ಸೀಳು ಕೊಟ್ಟು ನಾನು ಎದ್ದುಹೋಗುತ್ತೇನೆ.